ಬಂದರು, ಬೀಗ ತೆಗೆದರು, ಹೋದರು

ನಾನು ಬರೆದ ಒಂದೇ ಒಂದು ಪತ್ತೇದಾರಿ ಕಾದಂಬರಿಯ 31ನೇ ಪುಟದಲ್ಲಿ ಅಡಿಕೆ ಕೊನೆಗಾರನೊಬ್ಬ ಪೊಲೀಸರ ಎದುರು ಸಾಕ್ಷಿ ಹೇಳುತ್ತಾನೆ. ಕೊಲೆ ನಡೆದ ರಾತ್ರಿ ಅಂಗಳದ ಮೂಲೆಯಲ್ಲಿ ಕಂಬಳಿ ಹೊದ್ದು ಅಡಿಕೆ ಕಾವಲಿಗೆ ಮಲಗಿದ್ದವನು ಅವನು. ‘ಅವ್ರು ಬಂದ್ರು, ಬೀಗ ತೆಗೆದ್ರು, ಹೋದ್ರು’ ಎನ್ನುತ್ತಾನೆ. ಅಷ್ಟೇ. ಇನ್‌ಸ್ಪೆಕ್ಟರು ಬರೆದುಕೊಳ್ಳುತ್ತಾರೆ, ಮನೆಯ ಒಡೆಯರ ಕೈಗೆ ಕೋಳ ಬೀಳುತ್ತದೆ, ಓದುತ್ತಿದ್ದವರೂ ಹೌದೆಂದು ತಲೆಯಾಡಿಸುತ್ತಾರೆ. ಮುಂದೆ ನೂರೈವತ್ತು ಪುಟ ಕಳೆದ ಮೇಲೆ ಗೊತ್ತಾಗುವುದು, ಆ ರಾತ್ರಿ ಬಂದವರು ಒಡೆಯರಲ್ಲ, ಅವರ ಹೆಂಡತಿ ಎಂದು. ಕೊನೆಗಾರ ಸುಳ್ಳು ಹೇಳಿರಲಿಲ್ಲ. ದೊಡ್ಡಮನೆಯ ಅಮ್ಮನನ್ನು ‘ಬಂದಳು’ ಎನ್ನುವ ನಾಲಿಗೆ ಅವನಿಗೆ ಇರಲಿಲ್ಲ.

ಪುಸ್ತಕ ಈಗ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಗುಟ್ಟು ಬಿಟ್ಟುಕೊಟ್ಟನೆಂದು ಯಾರೂ ಮುನಿಸಿಕೊಳ್ಳಬೇಕಾಗಿಲ್ಲ.

ಕನ್ನಡದ ಕ್ರಿಯಾಪದ ಮಹಾ ಚಾಡಿಕೋರ. ಬಂದದ್ದು ಗಂಡೋ ಹೆಣ್ಣೋ ಎಂದು ಕೊನೆಯ ಅಕ್ಷರದಲ್ಲಿ ಹೇಳಿಯೇ ಬಿಡುತ್ತದೆ. ‘ಬಂದ’ ಎಂದರೆ ಒಂದು, ‘ಬಂದಳು’ ಎಂದರೆ ಇನ್ನೊಂದು. ಆದರೆ ಮರ್ಯಾದೆ ಕೊಟ್ಟ ಕೂಡಲೇ ಅದರ ಬಾಯಿ ಕಟ್ಟಿಹೋಗುತ್ತದೆ. ‘ಬಂದರು’ ಎಂಬಲ್ಲಿ ಗಂಡೂ ಇದೆ, ಹೆಣ್ಣೂ ಇದೆ, ಹತ್ತು ಜನರ ಗುಂಪೂ ಇದೆ. ವ್ಯಾಕರಣದ ಮೇಷ್ಟ್ರು ಇದನ್ನು ಗೌರವ ಬಹುವಚನ ಎಂದು ಕಲಿಸಿ ಸುಮ್ಮನಾಗಿದ್ದರು. ಅದರೊಳಗೆ ಒಬ್ಬ ಕೊಲೆಗಾರ್ತಿಯನ್ನು ಅಡಗಿಸಿಡಬಹುದು ಎಂದು ನನಗೆ ಹೊಳೆದದ್ದು ಅಡಿಕೆ ಮಂಡಿಯಲ್ಲಿ.

ಆಗ ನಾನು ತೀರ್ಥಹಳ್ಳಿಯ ಒಂದು ಮಂಡಿಯಲ್ಲಿ ಗುಮಾಸ್ತ. ಮಂಡಿಯ ಲೆಕ್ಕವೆಂದರೆ ಕಿರ್ದಿ ಮತ್ತು ಖಾತೆ. ದಿನದ ವ್ಯವಹಾರ ಕಿರ್ದಿಗೆ, ಅಲ್ಲಿಂದ ಬೆಳೆಗಾರರ ಹೆಸರಿನ ಖಾತೆಗೆ. ಅಡಿಕೆ ತಂದು ಇಳಿಸಿದವರು ಟೆಂಡರ್ ಆಗುವ ಮೊದಲೇ ಒಂದಿಷ್ಟು ಮುಂಗಡ ಒಯ್ಯುವುದು ಮಾಮೂಲು. ಹಾಗೆ ಒಬ್ಬ ದೊಡ್ಡ ಬೆಳೆಗಾರರ ಲೆಕ್ಕದಲ್ಲಿ 400 ರೂಪಾಯಿ ಖರ್ಚು ಬಿದ್ದಿತ್ತು. ಕಿರ್ದಿಯಲ್ಲಿ ನನ್ನ ಜೊತೆಯ ಗುಮಾಸ್ತರ ದುಂಡು ಅಕ್ಷರ: ‘ಬಂದು ಒಯ್ದರು’. ಬೆಳೆಗಾರರು ಲೆಕ್ಕ ನೋಡಲು ಬಂದವರು ನಾನು ಬಂದೇ ಇಲ್ಲ, ಒಯ್ದೇ ಇಲ್ಲ ಎಂದು ಕೂತುಬಿಟ್ಟರು. ಬರೆದವರು ತಂಗಿಯ ಮದುವೆಗೆಂದು ಶಿರಸಿಗೆ ಹೋಗಿದ್ದರು. ಎರಡು ದಿನ ಮಂಡಿಯಲ್ಲಿ ಎಲ್ಲರ ಮುಖವೂ ಕಳ್ಳನ ಮುಖವೇ. ನಗದು ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರವೂ ಇತ್ತಾದ್ದರಿಂದ ನನಗಂತೂ ಊಟ ಸೇರಲಿಲ್ಲ. ಮೂರನೇ ದಿನ ಗುಮಾಸ್ತರು ಮದುವೆಯ ಲಾಡಿನ ಪೊಟ್ಟಣದೊಂದಿಗೆ ಬಂದರು. ‘ಅಮ್ಮ ಬಂದಿದ್ರಲ್ಲ’ ಎಂದರು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಬೆಳೆಗಾರರ ಮುಖ ನೋಡಬೇಕಿತ್ತು. ‘ಓ, ಅವಳು ಬಂದಿದ್ದಳಾ’ ಎಂದರು. ಕಿರ್ದಿಯಲ್ಲಿ ‘ಒಯ್ದರು’ ಆಗಿದ್ದವರು ಅವರ ಬಾಯಲ್ಲಿ ‘ಒಯ್ದಳು’ ಆದರು. ಇನ್ನು ಮೇಲೆ ನನ್ನ ಚೀಟಿ ಇಲ್ಲದೆ ಯಾರಿಗೂ ದುಡ್ಡು ಕೊಡಬೇಡಿ ಎಂದು ಹೇಳಿ ಕೊಡೆ ಬಿಚ್ಚಿಕೊಂಡು ಹೊರಟುಹೋದರು. ನಾವೆಲ್ಲ ಲಾಡು ತಿಂದೆವು.

ಆ ರಾತ್ರಿಯೇ ನಾನು ಬರೆಯಲು ಕೂತೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದಿ ಬೆಳೆದವರು ನಾವು. ಶಾಲೆಯಲ್ಲಿ ಹೆಚ್ಚು ಓದದ ಆ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದದ್ದು ನಮಗೆಲ್ಲ ಒಂದು ಧೈರ್ಯ. ಇವತ್ತು ನಾವು ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಸಾಹಿತ್ಯದ ಚರಿತ್ರೆ ಬರೆಯುವವರು ಇಂಥವರನ್ನು ಅಡಿಟಿಪ್ಪಣಿಗೂ ಸೇರಿಸಲಿಲ್ಲ ಎಂಬ ಸಿಟ್ಟು ನನಗೆ ಈಗಲೂ ಇದೆ, ಇರಲಿ.

ನನ್ನ ಕಥೆ ಸರಳ. ಅಡಿಕೆ ತೂಕಕ್ಕೆ ಬಂದ ಸಾಹುಕಾರ ರಾತ್ರಿ ಮನೆಯಲ್ಲೇ ಉಳಿಯುತ್ತಾನೆ. ಬೆಳಿಗ್ಗೆ ಉಗ್ರಾಣದಲ್ಲಿ ಹೆಣವಾಗಿ ಸಿಗುತ್ತಾನೆ. ಪಕ್ಕದಲ್ಲಿ ಐದು ಕೆಜಿಯ ತೂಕದ ಬಟ್ಟು. ಕೊನೆಗಾರನ ಸಾಕ್ಷಿಯಿಂದ ಒಡೆಯರು ಜೈಲಿಗೆ. ಒಡೆಯರು ಹೆಂಡತಿಯ ಅವಲಕ್ಕಿ ಸರವನ್ನು ಆಕೆಗೆ ಹೇಳದೆ ಸಾಹುಕಾರನಲ್ಲಿ ಅಡವಿಟ್ಟಿದ್ದರು ಎಂಬ ಸಂಗತಿ ಕೊನೆಯಲ್ಲಿ ಹೊರಬರುತ್ತದೆ. ಕಥೆಗೆ ನಾನು ಇಟ್ಟ ಹೆಸರು ‘ಬಂದರು’. ಧಾರಾವಾಹಿಯಾಗಿ ಹಾಕಲು ಒಪ್ಪಿದ ವಾರಪತ್ರಿಕೆಯ ಸಂಪಾದಕರು ಕಾಗದ ಬರೆದರು: ಜನ ಇದನ್ನು ಮಂಗಳೂರು ಬಂದರಿನ ಕಳ್ಳಸಾಗಣೆಯ ಕಥೆ ಎಂದುಕೊಂಡಾರು, ಹೆಸರು ಬದಲಿಸಿದ್ದೇವೆ. ‘ಮಂಡಿಯಲ್ಲಿ ಮಧ್ಯರಾತ್ರಿ’ ಎಂದು ಅಚ್ಚಾಯಿತು. ಕಥೆಯಲ್ಲಿ ಮಂಡಿ ಬರುವುದು ಒಂದೇ ಅಧ್ಯಾಯದಲ್ಲಿ, ಅದೂ ಮಧ್ಯಾಹ್ನ.

ಶಂಕರ್ ನಾಗ್ ಆಗುಂಬೆಗೆ ಬಂದು ‘ಮಾಲ್ಗುಡಿ ಡೇಸ್’ ಚಿತ್ರೀಕರಣ ಮಾಡಿ ಹೋದ ಮೇಲೆ ನಮ್ಮ ಕಡೆಯ ಜನರಿಗೆ ಒಂದು ಭ್ರಮೆ ಹಿಡಿಯಿತು. ಯಾರ ಮನೆಯ ಜಗಲಿ, ಯಾರ ಮನೆಯ ಕಂಬ ಬೇಕಾದರೂ ಟೀವಿಯಲ್ಲಿ ಬರಬಹುದು. ನಾನೂ ರಜೆ ಹಾಕಿ ಒಂದು ದಿನ ಬಸ್ಸು ಹತ್ತಿ ಹೋಗಿ ನಿಂತು ನೋಡಿ ಬಂದಿದ್ದೆ. ಒಂದು ಬಾಗಿಲನ್ನು ಅವರು ಏಳು ಸಲ ತೆಗೆಸಿದರು. ಬಾಗಿಲು ತೆಗೆಯುವುದು ಒಂದು ಘಟನೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಕಾದಂಬರಿಯಲ್ಲಿ ನಾನು ‘ಬೀಗ ತೆಗೆದರು’ ಎಂದು ಎರಡು ಪದದಲ್ಲಿ ಮುಗಿಸಿದ್ದೆ. ಯಾವ ಕೈ, ಎಷ್ಟು ಹೊತ್ತು, ದೀಪ ಯಾರು ಹಿಡಿದಿದ್ದರು, ಕದ ಕಿರುಗುಟ್ಟಿತೇ, ಏನೂ ಇಲ್ಲ.

ಆ ಭ್ರಮೆಯ ಕಾಲದಲ್ಲೇ ಗಾಂಧಿನಗರದಿಂದ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ನಿರ್ದೇಶಕರಾಗಲು ಹೊರಟವರು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ನೀರುದೋಸೆ ತಿಂದೆವು. ಕಥೆ ಬಹಳ ಚೆನ್ನಾಗಿದೆ ಸಾರ್ ಎಂದರು. ಮಳೆಯ ರಾತ್ರಿ ಕೊಲೆ ಇಡೋಣ, ಆಗುಂಬೆ ಪಕ್ಕದಲ್ಲೇ ಇದೆಯಲ್ಲ ಎಂದರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಹೊಯ್ಯುವ ಊರು ಪಕ್ಕದಲ್ಲಿದ್ದರೂ ನನ್ನ ಕಥೆಯಲ್ಲಿ ಮಳೆ ಬೀಳುವಂತಿಲ್ಲ ಎಂದು ಅವರಿಗೆ ತಿಳಿಸಿ ಹೇಳುವುದರಲ್ಲಿ ಕಾಫಿ ಆರಿಹೋಯಿತು. ಅಡಿಕೆ ಸುಲಿದು, ಬೇಯಿಸಿ, ಚೊಗರು ಹಿಡಿಸಿ ಅಟ್ಟದ ಮೇಲೆ ಹರವುವುದು ಚಳಿಗಾಲದಲ್ಲಿ. ಆ ಹೊತ್ತಿನಲ್ಲಿ ಮಳೆ ಬಂದರೆ ಬೂಸ್ಟು ಹಿಡಿಯುವ ಅಡಿಕೆಗಾಗಿ ಊರೇ ಗೋಳಾಡುತ್ತದೆ, ಸತ್ತ ಸಾಹುಕಾರನನ್ನು ಕೇಳುವವರು ಇರುವುದಿಲ್ಲ. ಅವರು ನಕ್ಕರು. ಮಳೆಯನ್ನೂ ನಾವೇ ಸುರಿಸಬೇಕು ಸಾರ್, ನಿಜವಾದ ಮಳೆ ಕ್ಯಾಮರಾಕ್ಕೆ ಕಾಣಿಸುವುದಿಲ್ಲ, ಹಿಂದಿನಿಂದ ಲೈಟು ಬಿಟ್ಟರೆ ಮಾತ್ರ ಹನಿ ಕಾಣುತ್ತದೆ ಎಂದರು. ನನಗೆ ಅದು ಹೊಸ ವಿಷಯ.

ಆಮೇಲೆ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೇಳಿದರು:

‘ಕೊನೆಗಾರ ಸಾಕ್ಷಿ ಹೇಳ್ತಾನಲ್ಲ, ಅಲ್ಲಿ ಫ್ಲ್ಯಾಶ್‌ಬ್ಯಾಕ್ ಬರುತ್ತೆ. ಬಂದವರು ಪಂಚೆಯಲ್ಲಿ ಬರ್ತಾರಾ, ಸೀರೆಯಲ್ಲಿ ಬರ್ತಾರಾ? ಕಾಸ್ಟ್ಯೂಮ್‌ನವರಿಗೆ ಹೇಳ್ಬೇಕು.’

ನನ್ನ 31ನೇ ಪುಟ ಆ ಹೋಟೆಲಿನ ಮೇಜಿನ ಮೇಲೆ ಪ್ರಾಣ ಬಿಟ್ಟಿತು. ಪಂಚೆ ಎಂದರೆ ನೋಡುವವರಿಗೆ ಸುಳ್ಳು ತೋರಿಸಿದ ಹಾಗೆ. ಸೀರೆ ಎಂದರೆ ಸಿನಿಮಾ ಅಲ್ಲಿಗೇ ಮುಗಿಯಿತು. ಫ್ಲ್ಯಾಶ್‌ಬ್ಯಾಕ್ ಇಲ್ಲದೆ ಬರೀ ಮಾತಿನಲ್ಲಿ ಹೇಳಿಸಬಹುದಲ್ಲ ಎಂದೆ. ಉಳಿದ ಎಲ್ಲ ಸಾಕ್ಷಿಗಳಿಗೂ ಚಿತ್ರ ತೋರಿಸಿ ಇದೊಂದಕ್ಕೆ ತೋರಿಸದಿದ್ದರೆ ಗಾಂಧಿ ಕ್ಲಾಸಿನಲ್ಲಿ ಕೂತವನೂ ಏನೋ ಮುಚ್ಚಿಡ್ತಿದ್ದಾರೆ ಅಂತಾನೆ ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ನನ್ನ ಕೈಗೆ 501 ರೂಪಾಯಿ ಕೊಟ್ಟು, ಯೋಚನೆ ಮಾಡಿ ಕಾಗದ ಬರೀರಿ ಎಂದು ಹೇಳಿ ಶಿವಮೊಗ್ಗ ಬಸ್ಸು ಹತ್ತಿದರು. ನಾನು ಬರೆದ ನಾಲ್ಕು ಕಾಗದಕ್ಕೂ ಉತ್ತರ ಬರಲಿಲ್ಲ. ಐನೂರರಲ್ಲಿ ಹೆಂಡತಿಗೆ ಒಂದು ಸೀರೆ, ನನಗೆ ಒಂದು ಜೊತೆ ಚಪ್ಪಲಿ ಬಂತು.

ಅವರು ಬಿಟ್ಟುಹೋದ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಅಂದಿನಿಂದ ತಲೆಯೊಳಗೆ ಒಂದು ಟಾಕೀಸು ತೆರೆದುಕೊಂಡಿತು. ದಿನಕ್ಕೆ ಎರಡು ಆಟ, ಭಾನುವಾರ ಮೂರು.

ಲೇಖಕರು ಸಿನಿಮಾದವರ ಮೇಲೆ ಮುನಿಸಿಕೊಂಡ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ನಾಡೆಲ್ಲ ಚಿತ್ರದುರ್ಗದ ಕಲ್ಲುಬಂಡೆ ನೋಡಿ ಮರುಳಾದರೆ ತ.ರಾ.ಸು. ಅವರು ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಎಂದರಂತೆ. ಆ ಮಾತು ಇಂದಿಗೂ ಓಡಾಡುತ್ತಿದೆ. ಆರ್.ಕೆ. ನಾರಾಯಣ್ ಅವರದಂತೂ ಇನ್ನೂ ಸೊಗಸು. ‘ಗೈಡ್’ ಸಿನಿಮಾ ಮಾಡಲು ಬಂದವರನ್ನು ಅವರು ಮೈಸೂರಿನ ಸುತ್ತಮುತ್ತ ಓಡಾಡಿಸಿ ಇದೇ ಹೊಳೆ, ಇದೇ ಮೆಟ್ಟಿಲು ಎಂದೆಲ್ಲ ತೋರಿಸಿದರು. ಅವರು ಎಲ್ಲವನ್ನೂ ನೋಡಿ ಮೆಚ್ಚಿ, ರಾಜಸ್ಥಾನಕ್ಕೆ ಹೋಗಿ ಚಿತ್ರ ತೆಗೆದರು. 1965ರಲ್ಲಿ ಬಂದ ಆ ಚಿತ್ರದ ಬಗ್ಗೆ ನಾರಾಯಣ್ ಒಂದು ಪ್ರಬಂಧವನ್ನೇ ಬರೆದು ಅದಕ್ಕೆ ‘ದಾರಿ ತಪ್ಪಿದ ಗೈಡ್’ ಎನ್ನುವ ಅರ್ಥದ ಹೆಸರಿಟ್ಟರು. ಇವರಿಗೆಲ್ಲ ಜಗಳವಾಡಲು ಒಂದು ಸಿನಿಮಾ ಆದರೂ ಇತ್ತು. ನಾನು ಇಲ್ಲದ ಸಿನಿಮಾದ ಜೊತೆ ಜಗಳವಾಡಬೇಕಿತ್ತು.

ಮೊದಮೊದಲು ಮುಚ್ಚಿಡುವ ದಾರಿಗಳನ್ನೇ ಹುಡುಕಿದೆ. ಹಿಚ್‌ಕಾಕ್‌ನ ‘ಸೈಕೋ’ವನ್ನು ಫಿಲ್ಮ್ ಸೊಸೈಟಿಯವರು ಹಾಕಿದಾಗ ನೋಡಿದೆ. 1960ರ ಚಿತ್ರ. ಅದರಲ್ಲಿ ಮಹಡಿ ಮೆಟ್ಟಿಲ ಮೇಲೆ ನಡೆಯುವ ಒಂದು ದೃಶ್ಯವನ್ನು ಕ್ಯಾಮರಾ ನೆತ್ತಿಯ ಮೇಲಿನಿಂದ ನೋಡುತ್ತದೆ. ಆ ಕೋನದಿಂದ ಮುಖ ಕಾಣುವುದಿಲ್ಲ. ಮುಖ ಮುಚ್ಚಿಟ್ಟಿದ್ದಾರೆ ಎಂದೂ ಅನ್ನಿಸುವುದಿಲ್ಲ. ಎರಡು ದಿನ ನಾನು ಸಂಭ್ರಮದಲ್ಲಿದ್ದೆ. ನನ್ನ ಕ್ಯಾಮರಾವನ್ನು ಅಡಿಕೆ ಅಟ್ಟದ ಮೇಲೆ ಕೂರಿಸಿದರೆ ಆಯಿತು! ದಬ್ಬೆಗಳ ಸಂದಿನಿಂದ ಕೆಳಗೆ ನೋಡಿದರೆ ಚಳಿಗೆ ಕಂಬಳಿ ಹೊದ್ದ ಒಂದು ತಲೆ, ಒಂದು ಲಾಟೀನು. ಮೂರನೇ ದಿನ ನೆನಪಾಯಿತು, ನೋಡುತ್ತಿರುವವನು ಕೊನೆಗಾರ, ಅವನು ಮಲಗಿದ್ದು ಅಂಗಳದಲ್ಲಿ, ನೆಲದ ಮೇಲೆ. ನೆಲದಿಂದ ಮೊದಲು ಕಾಣುವುದೇ ಪಾದ, ಗೆಜ್ಜೆ, ಕಾಲುಂಗುರ. ಅವನಿಗೆ ಎಲ್ಲವೂ ಕಂಡಿತ್ತು. ಮುಚ್ಚಿಟ್ಟವನು ಅವನಲ್ಲ, ನಾನು.

1989ರಲ್ಲಿ ಸುನಿಲ್ ಕುಮಾರ್ ದೇಸಾಯಿ ‘ತರ್ಕ’ ತಂದರು. ಹಾಡೇ ಇಲ್ಲದ ಕನ್ನಡ ಸಿನಿಮಾ! ನನ್ನ ತಲೆಯ ಟಾಕೀಸಿನಿಂದ ಅವತ್ತೇ ಎರಡು ಹಾಡು ಕಿತ್ತುಹಾಕಿದೆ. ಅದೇ ದೇಸಾಯಿಯವರು 1995ರಲ್ಲಿ ಯಂಡಮೂರಿ ವೀರೇಂದ್ರನಾಥರ ಕಾದಂಬರಿಯಿಂದ ‘ಬೆಳದಿಂಗಳ ಬಾಲೆ’ ಮಾಡಿದಾಗ ಎರಡು ಸಲ ನೋಡಿದೆ. ಅನಂತನಾಗ್ ಫೋನು ಹಿಡಿದು ಹುಡುಕುತ್ತಲೇ ಇರುತ್ತಾರೆ. ಅತ್ತ ಕಡೆಯ ಹೆಣ್ಣು ಬರೀ ದನಿ. ಇಡೀ ಚಿತ್ರದಲ್ಲಿ ಆಕೆಯ ಮುಖ ತೋರಿಸದೆ ಜನರನ್ನು ಕುರ್ಚಿಯಲ್ಲಿ ಕೂರಿಸಬಹುದು ಎಂದಾದರೆ ನನ್ನ ಅಮ್ಮನನ್ನೂ ಬಚ್ಚಿಡಬಹುದಲ್ಲ? ಆದರೆ ಅಲ್ಲಿ ಆಕೆ ಇದ್ದಾಳೆ ಎಂಬುದು ಎಲ್ಲರಿಗೂ ಗೊತ್ತಿದೆ, ಎಲ್ಲಿದ್ದಾಳೆ ಎಂಬುದಷ್ಟೇ ಗೊತ್ತಿಲ್ಲ. ನನ್ನ ಅಮ್ಮ ಪ್ರತಿ ಅಧ್ಯಾಯದಲ್ಲೂ ಕಾಫಿ ತಂದಿಟ್ಟು ಹೋಗುತ್ತಾರೆ, ಆದರೂ ಇರುವುದೇ ಯಾರ ಗಮನಕ್ಕೂ ಬರುವುದಿಲ್ಲ. ಎರಡೂ ಬೇರೆ.

ಈ ನಡುವೆ ಒಂದು ರಾತ್ರಿ ನನ್ನ ಪತ್ತೇದಾರಿಕೆಯ ಜಂಬವೆಲ್ಲ ಇಳಿಯಿತು.

ಸುಲಿಯುವ ಯಂತ್ರ ಬರುವುದಕ್ಕೆ ಮೊದಲಿನ ಮಾತು. ಅಣ್ಣನ ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಪೆಟ್ರೊಮ್ಯಾಕ್ಸ್ ಸುಂಯ್‌ಗುಡುತ್ತಿದೆ, ಹನ್ನೆರಡು ಹದಿಮೂರು ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕೂತಿದ್ದಾರೆ. ಹಸಿ ಅಡಿಕೆಯ ಒಗರು ವಾಸನೆ. ಕೈ ನಿಲ್ಲುವಂತಿಲ್ಲ, ಕಣ್ಣಿಗೆ ನಿದ್ದೆ, ಹಾಗಾಗಿ ಯಾರಾದರೂ ಕಥೆ ಹೇಳಬೇಕು. ಅಣ್ಣ ನನ್ನನ್ನು ತಳ್ಳಿದ: ಇವನೇ ಒಂದು ಬುಕ್ಕು ಬರೆದಿದ್ದಾನೆ, ಕೇಳಿ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಸಾಹುಕಾರ ಸತ್ತ, ಪೊಲೀಸರು ಬಂದರು, ಕೊನೆಗಾರ ಸಾಕ್ಷಿ ಹೇಳಿದ. ‘ಅವ್ರು ಬಂದ್ರು, ಬೀಗ ತೆಗೆದ್ರು, ಹೋದ್ರು.’ ಇಲ್ಲಿ ನಾನು ಒಂದು ಗಳಿಗೆ ನಿಲ್ಲಿಸುತ್ತೇನೆ, ಅದು ನನ್ನ ಅಭ್ಯಾಸ.

ಸಾಲಿನ ಕೊನೆಯಲ್ಲಿದ್ದ ಹಿರಿಯ ಹೆಂಗಸು ಅಡಿಕೆಯಿಂದ ಕಣ್ಣು ಕೀಳದೆ, ‘ಅಮ್ಮಂಗೆ ಎಂತ ಬಂದಿತ್ತೋ ಪಾಪ’ ಎಂದರು.

‘ಅಮ್ಮ ಅಂತ ನಾನೆಲ್ಲಿ ಹೇಳಿದೆ?’

‘ಮತ್ತಿನ್ಯಾರು ಅಯ್ಯಾ? ಉಗ್ರಾಣದ ಕೀಲಿಕೈ ಅಮ್ಮನ ಸೊಂಟದಲ್ಲಿ ಅಲ್ದಾ ಇರೋದು? ಒಡೇರು ಯಾವತ್ತು ಬೀಗ ತೆಗ್ದಿದ್ರು? ಒಡೇರಿಗೆ ಬೇಕಾದ್ರೆ, ಏ ತೆಗಿಯೇ ಅಂತಾರೆ.’

ಸಾಲಿಗೆ ಸಾಲೇ ನಕ್ಕಿತು. ಅವರಲ್ಲಿ ಒಬ್ಬರಿಗೂ ಒಡೆಯರ ಮೇಲೆ ಅನುಮಾನ ಬಂದಿರಲಿಲ್ಲವಂತೆ. ನಾನು ಗೌರವ ಬಹುವಚನದಲ್ಲಿ ಅಷ್ಟು ಜಾಣತನದಿಂದ ಬಚ್ಚಿಟ್ಟದ್ದನ್ನು ಆ ಹೆಂಗಸು ವ್ಯಾಕರಣದ ಗೊಡವೆಗೇ ಹೋಗದೆ, ಒಂದು ಕೀಲಿಕೈ ಗೊಂಚಲು ಹಿಡಿದು ಎಳೆದು ಹಾಕಿದ್ದರು. ಓದುಗರಿಂದ ಬಂದ ಕಾಗದಗಳಲ್ಲಿ ಒಬ್ಬರೂ ಈ ಮಾತು ಹೇಳಿರಲಿಲ್ಲ. ಬಹುಶಃ ಕಾಗದ ಬರೆದವರೆಲ್ಲ ‘ಏ ತೆಗಿಯೇ’ ಎನ್ನುವವರೇ ಇದ್ದಿರಬೇಕು. ನಾನೂ ಅಂಥವನೇ, ಇಲ್ಲದಿದ್ದರೆ ಕೀಲಿಕೈ ಎಲ್ಲಿರುತ್ತದೆ ಎಂದು ಬರೆಯುವಾಗಲೇ ಹೊಳೆಯಬೇಕಿತ್ತು.

ಹೋಟೆಲಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ. ಪಂಚೆಯೂ ಬೇಡ, ಸೀರೆಯೂ ಬೇಡ. ಕತ್ತಲೆ, ಕಂಬಳಿಯೊಳಗೆ ಕೊನೆಗಾರನ ಅರೆತೆರೆದ ಕಣ್ಣು, ಅವನ ಮುಖದ ಮೇಲೆ ಹಾದುಹೋಗುವ ಲಾಟೀನಿನ ಬೆಳಕು, ಮತ್ತು ಕೀಲಿಕೈ ಗೊಂಚಲಿನ ಸದ್ದು. ಬಂದವರನ್ನು ತೋರಿಸುವುದೇ ಇಲ್ಲ, ನೋಡಿದವನನ್ನು ತೋರಿಸುವುದು. ಆ ಸದ್ದು ಮೊದಲ ದೃಶ್ಯದಿಂದಲೂ ಇರುತ್ತದೆ: ಅಮ್ಮ ಕಾಫಿ ತಂದಿಡುವಾಗ, ಹಸುವಿಗೆ ಹಿಂಡಿ ಹಾಕುವಾಗ, ದೇವರ ಮುಂದೆ ದೀಪ ಹಚ್ಚಲು ಬಗ್ಗುವಾಗ. ನೋಡುವವರ ಕಿವಿಗೆ ಅದು ಮನೆಯ ಸದ್ದುಗಳಲ್ಲಿ ಒಂದು. ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುತ್ತದೆ. ನನ್ನ ‘ರು’ ಅಕ್ಷರಕ್ಕೆ ಸಿನಿಮಾದಲ್ಲಿ ಸರಿಸಮವಾದದ್ದು ಸಿಕ್ಕಿಬಿಟ್ಟಿತು ಎಂದು ಕುಣಿದಾಡುವಂತಾಯಿತು. ನಿರ್ದೇಶಕರಿಗೆ ಐದನೇ ಕಾಗದ ಬರೆದೆ. ವಿಳಾಸದಾರರು ಇಲ್ಲ ಎಂದು ವಾಪಸು ಬಂತು.

ತಂಗಿಯ ಮಗಳು ಬೆಂಗಳೂರಿನಲ್ಲಿ ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವ ಕೆಲಸ ಮಾಡುತ್ತಾಳೆ. ಈಗ ಎಲ್ಲ ಚಿತ್ರಗಳೂ ನಾಲ್ಕೈದು ಭಾಷೆಗಳಲ್ಲಿ ಒಟ್ಟಿಗೆ ಬರುವ ಕಾಲ. ಒಂದು ದೀಪಾವಳಿಗೆ ಬಂದವಳ ಎದುರು ನನ್ನ ಇಲ್ಲದ ಸಿನಿಮಾವನ್ನು ಬಿಚ್ಚಿದೆ. ಅವಳು ಕೆಲಸದವಳ ಗತ್ತಿನಲ್ಲಿ ಬೆರಳು ಮಡಿಸಿದಳು. ‘ತೆಲುಗಲ್ಲಿ ವಚ್ಚಾರು, ತಮಿಳಲ್ಲಿ ವಂದಾರ್. ಎರಡಕ್ಕೂ ತೊಂದರೆ ಇಲ್ಲ ಮಾವ. ಮಲಯಾಳದಲ್ಲಂತೂ ವನ್ನು ಅಂದ್ರೆ ಗಂಡು, ಹೆಣ್ಣು, ನಾಯಿ, ಬೆಕ್ಕು ಎಲ್ಲಾ ಬಂತು. ಹಿಂದಿಯಲ್ಲಿ ಸಿಕ್ಕಿಬೀಳ್ತೀಯ. ಎಷ್ಟು ಮರ್ಯಾದೆ ಕೊಟ್ರೂ ಆಯೇ ಥೇ, ಆಯೀ ಥೀಂ ಅಂತ ಹೇಳಿಬಿಡುತ್ತೆ.’ ಇಂಗ್ಲಿಷಿಗೆ ಏನು ಮಾಡುತ್ತೀಯ ಎಂದೆ. ‘ದೇ ಅಂತ ಹಾಕಬಹುದು. ಆದ್ರೆ ನೋಡೋರು ಎಷ್ಟು ಜನ ಬಂದಿದ್ರು ಅಂತ ಲೆಕ್ಕ ಹಾಕ್ತಾ ಕೂರ್ತಾರೆ.’ ಒಂದು ಹೋಳಿಗೆ ಮುಗಿಸಿ ಆಮೇಲೆ ಹೇಳಿದಳು: ‘ಅಲ್ಲ ಮಾವ, ಇಷ್ಟೆಲ್ಲ ಯಾಕೆ ಮುಚ್ಚಿಡಬೇಕು? ಮೊದಲೇ ತೋರಿಸಿಬಿಡು.’

ಇದನ್ನು ಅವಳಿಗಿಂತ ಮೊದಲು ಸತ್ಯಜಿತ್ ರಾಯ್ ಮಾಡಿ ತೋರಿಸಿದ್ದರು. 1967ರಲ್ಲಿ ಶರದಿಂದು ಬಂದೋಪಾಧ್ಯಾಯರ ಬ್ಯೋಮಕೇಶನ ಕಥೆಯೊಂದನ್ನು ‘ಚಿಡಿಯಾಖಾನಾ’ ಎಂದು ತೆಗೆದರು. ಕೊನೆಯಲ್ಲಿ ಪತ್ತೇದಾರ ಎಲ್ಲರನ್ನೂ ಕೂರಿಸಿಕೊಂಡು ವಿವರಿಸುವ ಆ ಬಗೆ ಅವರಿಗೇ ಒಗ್ಗಲಿಲ್ಲ. 1974ರಲ್ಲಿ ತಾವೇ ಬರೆದ ಫೆಲೂದಾ ಕಾದಂಬರಿ ‘ಸೋನಾರ್ ಕೆಲ್ಲಾ’ವನ್ನು ಚಿತ್ರ ಮಾಡುವಾಗ, ಪುಸ್ತಕದಲ್ಲಿ ಕಾಪಾಡಿಕೊಂಡಿದ್ದ ಗುಟ್ಟನ್ನು ತಾವೇ ಒಡೆದರು. ಖಳರು ಯಾರೆಂದು ನೋಡುವವರಿಗೆ ಮೊದಲೇ ಗೊತ್ತು, ಫೆಲೂದಾನಿಗೆ ಗೊತ್ತಿಲ್ಲ. ಯಾರು ಎಂಬ ಪ್ರಶ್ನೆ ಹೋಗಿ ಏನಾದೀತು ಎಂಬ ಪ್ರಶ್ನೆ ಬಂತು. ಲೇಖಕನೂ ನಿರ್ದೇಶಕನೂ ಒಬ್ಬನೇ ಆದ್ದರಿಂದ ಕೇರೆಹಾವು ಎಂದು ಬೈಯಲು ಯಾರೂ ಇರಲಿಲ್ಲ.

ಹುಡುಗಿ ಬೆಂಗಳೂರಿಗೆ ಹೋದ ಮೇಲೆ ನಾನು ಹಾಗೇ ಮಾಡಿ ನೋಡಿದೆ. ಮೊದಲ ದೃಶ್ಯದಲ್ಲೇ ಅಮ್ಮ ಉಗ್ರಾಣದ ಬೀಗ ತೆಗೆಯುತ್ತಾರೆ. ಲಾಟೀನಿನ ಬೆಳಕು ಅವರ ಮುಖದ ಮೇಲಿದೆ. ಸರಿ. ಆ ಮುಖ ಹೇಗಿದೆ?

ಗೊತ್ತಿರಲಿಲ್ಲ. ಮಾಸಲು ರಟ್ಟಿನ ನನ್ನ ಪ್ರತಿಯನ್ನು ಕಪಾಟಿನಿಂದ ತೆಗೆದು ಪೆನ್ಸಿಲ್ ಹಿಡಿದು ಕೂತೆ. 184 ಪುಟಗಳ ಪುಸ್ತಕದಲ್ಲಿ ಅಮ್ಮ ಒಂಬತ್ತು ಸಲ ಮಾತಾಡುತ್ತಾರೆ. ಅದರಲ್ಲಿ ಐದು ಸಲ ‘ಕಾಫಿ’ ಎನ್ನುತ್ತಾರೆ. ಒಡೆಯರ ಮೀಸೆಗೆ ನಾನು ಅರ್ಧ ಪುಟ ಖರ್ಚು ಮಾಡಿದ್ದೇನೆ. ಸಾಹುಕಾರನ ಕಿವಿಯ ಒಂಟಿಗೆ ಒಂದು ಪ್ಯಾರಾ. ಅಮ್ಮನ ವಯಸ್ಸು ಎಷ್ಟೆಂದು ಎಲ್ಲೂ ಬರೆದಿಲ್ಲ, ಹೆಸರೂ ಇಲ್ಲ. ಅಡಗಿಸಿಡಬೇಕಲ್ಲ, ಅದಕ್ಕೇ ಹೀಗೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಗುಟ್ಟು ಬಯಲಾದ ಮೇಲಿನ ಪುಟಗಳಲ್ಲೂ ಮಾತಾಡುವವರು ಇನ್‌ಸ್ಪೆಕ್ಟರೇ. ಅವಲಕ್ಕಿ ಸರದ ವಿಷಯ ಎರಡು ಪ್ಯಾರಾದಲ್ಲಿ ಮುಗಿದಿದೆ. ಸರ ಯಾರು ಮಾಡಿಸಿಕೊಟ್ಟದ್ದು, ತವರಿನದೋ, ಅದು ಕಾಣೆಯಾದದ್ದು ಅವರಿಗೆ ತಿಳಿದದ್ದು ಯಾವ ಹಬ್ಬದ ದಿನ, ಪೆಟ್ಟಿಗೆಯಲ್ಲಿ ಏನು ಉಳಿದಿತ್ತು, ಒಂದೂ ಇಲ್ಲ. ಕಾದಂಬರಿಗೆ ಅದು ಸಾಕಾಗಿತ್ತು. ಪರದೆಯ ಮೇಲೆ ಎರಡು ಗಂಟೆ ಒಬ್ಬ ನಟಿ ಓಡಾಡಬೇಕು. ಅವರಿಗೆ ಕೈ ಎಲ್ಲಿಡಬೇಕೆಂದು ಹೇಳಲೂ ನನ್ನಲ್ಲಿ ಏನೂ ಇರಲಿಲ್ಲ.

ಹಾಗೆ ಮುಖಕ್ಕಾಗಿ ತಡಕಾಡುವಾಗ, ನನಗೆ ಒಂದು ಮುಖ ಗೊತ್ತಿದೆ ಎಂಬುದು ನೆನಪಾಯಿತು. ಕಿರ್ದಿಯಲ್ಲಿ ‘ಬಂದು ಒಯ್ದರು’ ಎಂದು ಬರೆದ ಆ ದಿನ ನಾನು ಅವರನ್ನು ನೋಡಿದ್ದೆ. ಮಂಡಿಯಲ್ಲಿ ಅಲ್ಲ, ಬಸ್ ನಿಲ್ದಾಣದಲ್ಲಿ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತಿದ್ದೆ. ಇನ್ನೂ ಹೊರಡದ ಬಸ್ಸೊಂದರ ಕಿಟಕಿಯ ಪಕ್ಕ ಕೂತಿದ್ದರು. ನಲವತ್ತರ ಒಳಗಿನ ವಯಸ್ಸು. ತೊಡೆಯ ಮೇಲೆ ಒಂದು ಬಟ್ಟೆಯ ಚೀಲ, ಅದರ ಬಾಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಗುರುತಿನವರಾದ್ದರಿಂದ ಕೈಮುಗಿದೆ. ಅವರು ನೋಡಿದರು, ನೋಡಿಯೂ ನೋಡದ ಹಾಗೆ ಮುಖ ಆಚೆ ತಿರುಗಿಸಿದರು. ದೊಡ್ಡವರ ಮನೆಯವರ ಗತ್ತು ಎಂದುಕೊಂಡು ನಾನು ನಡೆದುಬಿಟ್ಟೆ. ಎರಡು ದಿನ ಮಂಡಿಯಲ್ಲಿ ಕಳ್ಳನ ಹುಡುಕಾಟ ನಡೆದಾಗ ಈ ಬಸ್ಸು ನನಗೆ ನೆನಪಾಗಲೇ ಇಲ್ಲ. ನಾಲ್ಕು ನೂರು ರೂಪಾಯಿಯನ್ನು ಯಾರು ಒಯ್ದರು ಎಂದು ಪತ್ತೆಯಾದ ಮೇಲೆ ಏಕೆ ಒಯ್ದರು ಎಂದು ಮಂಡಿಯಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಕೇಳಲಿಲ್ಲ, ಅದನ್ನೇ ಕಥೆ ಮಾಡಿದೆ, ಅದರಲ್ಲೂ ಕೇಳಲಿಲ್ಲ.

ಅವರು ಈಗಿಲ್ಲ. ಅವರ ಮನೆಯವರೂ ತೋಟ ಮಾರಿ ಹೋದರು. ಕೇಳಿದರೆ ಹೇಳುವವರು ಯಾರೂ ಇಲ್ಲ.

ನನ್ನ ಸಿನಿಮಾ ಈಗ ಉಗ್ರಾಣದಿಂದ ಶುರುವಾಗುವುದಿಲ್ಲ, ಬಸ್ಸಿನಿಂದ ಶುರುವಾಗುತ್ತದೆ. ಕಿಟಕಿಯ ಹೊರಗೆ ಗುಮಾಸ್ತನೊಬ್ಬ ಕೈಮುಗಿದು ಹೋಗುತ್ತಾನೆ. ಒಂದೇ ಶಾಟ್, ಅವನ ಮುಖ ಮುಖ್ಯವಲ್ಲ, ಬೇಕಾದರೆ ತಲೆ ಕತ್ತರಿಸಿ ತೆಗೆಯಿರಿ. ಬಸ್ಸು ಹೊರಟು ತುಂಗಾ ಸೇತುವೆ ದಾಟುತ್ತದೆ. ಚೀಲ ಹಿಡಿದ ಕೈಗಳು, ಸೊಂಟದಲ್ಲಿ ಕೀಲಿಕೈ ಗೊಂಚಲು. ಮನೆಯ ಎಲ್ಲ ಬೀಗಗಳ ಕೈಯನ್ನೂ ಅವರು ಜೊತೆಗೆ ತಂದಿದ್ದಾರೆ. ಬಸ್ಸು ಕುಲುಕಿದಾಗಲೆಲ್ಲ ಅದು ಸದ್ದು ಮಾಡುತ್ತದೆ. ಕಂಡಕ್ಟರು ಟಿಕೆಟ್ ಕಟ್ಟು ಹಿಡಿದು ಹತ್ತಿರ ಬಂದು ‘ಎಲ್ಲಿಗಮ್ಮಾ?’ ಎನ್ನುತ್ತಾನೆ. ಅವರು ಊರಿನ ಹೆಸರು ಹೇಳಬೇಕು.

ಕೊಪ್ಪ ಎಂದು ಬರೆದೆ, ಹೊಡೆದುಹಾಕಿದೆ. ಉಡುಪಿ ಎಂದು ಬರೆದು ಅದನ್ನೂ ಹೊಡೆದೆ. ಧರ್ಮಸ್ಥಳ ಎಂದು ಬರೆದರೆ ಹರಕೆಯ ಕಥೆಯಾಗುತ್ತದೆ, ಮಣಿಪಾಲ ಎಂದರೆ ಕಾಯಿಲೆಯ ಕಥೆಯಾಗುತ್ತದೆ. ಪುಟದಲ್ಲಿ ಈಗ ನಾಲ್ಕು ಗೀಟುಗಳಿವೆ. ಆ ಬಸ್ಸಿಗೆ ಬೋರ್ಡು ಇದ್ದೇ ಇತ್ತು, ಮುಂದಿನ ಗಾಜಿನ ಮೇಲೆ, ಹಳದಿ ಬಣ್ಣದಲ್ಲಿ ದಪ್ಪ ಅಕ್ಷರ. ನಾನು ಅದರ ಎದುರಿನಿಂದಲೇ ಹಾದುಹೋಗಿದ್ದೆ.